ಮನೆ ಒಂದೂರು, ಬೇಸ್ ಇನ್ನೊಂದೂರು

ಪೈಲಟ್ ಆದವರು ಎಲ್ಲಿ ಬೇಕಾದರೂ ಮನೆ ಮಾಡಬಹುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ಕೆಲಸಕ್ಕೆ ಸೇರಿದಾಗ ಏರ್‌ಲೈನ್ ನಮಗೊಂದು ಬೇಸ್ ಕೊಡುತ್ತದೆ. ಡ್ಯೂಟಿ ಶುರುವಾಗುವುದು ಅಲ್ಲಿ, ಮುಗಿಯುವುದೂ ಅಲ್ಲೇ. ಬೇರೆ ಊರಲ್ಲಿ ಲೇಓವರ್, ಅಂದರೆ ಎರಡು ಹಾರಾಟಗಳ ನಡುವೆ ತಂಗುವುದು, ಇದ್ದರೆ ಹೋಟೆಲ್ ಖರ್ಚು ಅವರದು. ಬೇಸ್‌ನಲ್ಲಿ ಮಲಗುವ ಜಾಗ ಹುಡುಕಿಕೊಳ್ಳುವುದು ನಮ್ಮ ಪಾಡು. ನೀವು ಪಕ್ಕದ ಬೀದಿಯಿಂದ ನಡೆದು ಬಂದಿರೋ, ಎರಡು ವಿಮಾನ ಬದಲಿಸಿ ಬಂದಿರೋ, ರೋಸ್ಟರ್ (ಡ್ಯೂಟಿ ಪಟ್ಟಿ) ಕೇಳುವುದಿಲ್ಲ. ರಿಪೋರ್ಟಿಂಗ್ ಟೈಮ್‌ಗೆ ಅಲ್ಲಿರಬೇಕು, ನಿದ್ದೆ ಮುಗಿಸಿ ಅಲ್ಲಿರಬೇಕು. ಅಷ್ಟೇ.

ನಾನು ಎರಡೂ ಥರ ಬದುಕಿ ನೋಡಿದ್ದೇನೆ. ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಸಹ ಪೈಲಟ್, ಆಗಿದ್ದ ವರ್ಷಗಳಲ್ಲಿ ಮನೆ ಒಂದೂರಲ್ಲಿ, ಬೇಸ್ ಇನ್ನೊಂದೂರಲ್ಲಿ. ಕೆಲಸಕ್ಕೆ ಹೋಗಲು ವಿಮಾನದಲ್ಲೇ ಪ್ರಯಾಣಿಕಳಾಗಿ ಓಡಾಡುತ್ತಿದ್ದೆ. ಇದನ್ನು ನಮ್ಮಲ್ಲಿ ಕಮ್ಯೂಟ್ ಮಾಡೋದು ಅಂತಾರೆ. ಕ್ಯಾಪ್ಟನ್ ಆದ ಮೇಲೆ ಮನೆಯನ್ನೇ ಬೇಸ್ ಹತ್ತಿರಕ್ಕೆ ತಂದೆವು. ಕಿರಿಯ ಪೈಲಟ್‌ಗಳು ನನ್ನನ್ನು ಜಾಸ್ತಿ ಕೇಳುವುದು, 'ಎಷ್ಟು ದೂರ ಆದರೆ ಕಮ್ಯೂಟ್ ಮಾಡಬಹುದು ಮೇಡಂ?' ಅಂತ. ನನ್ನ ಲೆಕ್ಕದಲ್ಲಿ ದೂರ ಕೊನೆಗೆ ಬರುವ ವಿಷಯ. ಮೊದಲು ನೋಡಬೇಕಾದ್ದು ನಿಮ್ಮ ಸೀನಿಯಾರಿಟಿ, ಆಮೇಲೆ ಡ್ಯೂಟಿಗೆ ಹಿಂದಿನ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದು.

ಶುರುವಿನಲ್ಲಿ ನಾವು ಮನೆ ಬದಲಿಸದೇ ಇದ್ದದ್ದಕ್ಕೆ ಕಾರಣ ಇತ್ತು. ಹೊಸಬರಿಗೆ ಸಿಗುವುದು ಹಿರಿಯರು ಬೇಡ ಅಂದ ಬೇಸ್. ಅದೂ ಖಾಯಂ ಅಲ್ಲ. ಕಂಪನಿ ಒಂದು ಮಾದರಿಯ ವಿಮಾನಗಳನ್ನು ಒಂದೂರಿಂದ ಎತ್ತಿ ಇನ್ನೊಂದೂರಿಗೆ ಹಾಕಿದರೆ ಆ ವಿಮಾನ ಹಾರಿಸುವವರೂ ಹಿಂದೆ ಹೋಗಬೇಕು. ಮೊದಲು ಕದಲಬೇಕಾದವರು ಪಟ್ಟಿಯ ಬುಡದಲ್ಲಿರುವವರು. ನನ್ನ ಗಂಡನಿಗೆ ನಮ್ಮೂರಲ್ಲಿ ಒಳ್ಳೆಯ ಕೆಲಸ ಇತ್ತು. ಮಗಳು ಚಿಕ್ಕವಳು, ಅಮ್ಮ ಹತ್ತಿರದಲ್ಲೇ ಇದ್ದರು. ನಾನು ವಾರದ ಅರ್ಧದಷ್ಟು ದಿನ ಮನೆಯಲ್ಲೇ ಇಲ್ಲದಿರುವಾಗ ಆ ಆಸರೆ ಬಿಟ್ಟು ಗುರುತಿಲ್ಲದ ಊರಿಗೆ ಹೋಗಿ ಏನು ಮಾಡೋದು? ಬೇಸ್ ಬದಲಾದರೆ ಮತ್ತೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಓಡಾಡುವುದು ನಾನೊಬ್ಬಳೇ ಆಗಲಿ ಅಂತ ತೀರ್ಮಾನ ಮಾಡಿದೆವು.

ಸೀನಿಯಾರಿಟಿ ಅಂದರೆ ಏನು ಅನ್ನುವುದು ಪೈಲಟ್ ಮನೆಯವರಿಗೂ ಎಷ್ಟೋ ಸಲ ಪೂರ್ತಿ ಅರ್ಥ ಆಗಿರುವುದಿಲ್ಲ. ಸೀನಿಯಾರಿಟಿ ಪಟ್ಟಿ ನಡೆಯುವ ಏರ್‌ಲೈನ್‌ಗಳಲ್ಲಿ ಯಾವ ಬೇಸ್, ಯಾವ ವಿಮಾನ, ಯಾವ ರಜೆ, ಯಾವ ಟ್ರಿಪ್, ಎಲ್ಲಕ್ಕೂ ಆ ಪಟ್ಟಿಯಲ್ಲಿ ನಿಮ್ಮ ನಂಬರ್ರೇ ಆಧಾರ. ಪ್ರತಿ ತಿಂಗಳೂ ಬೇಕಾದ್ದಕ್ಕೆ ಬಿಡ್ ಹಾಕುತ್ತೇವೆ. ಮೇಲಿನವರು ಆರಿಸಿಕೊಂಡು ಉಳಿದದ್ದು ಕೆಳಗಿಳಿಯುತ್ತದೆ. ತೀರಾ ಕೆಳಗಿರುವವರಿಗೆ ನಿಗದಿಯಾದ ಟ್ರಿಪ್‌ಗಳೇ ಇರುವುದಿಲ್ಲ, ರಿಸರ್ವ್ ಇರುತ್ತದೆ. ಯಾರಾದರೂ ಹುಷಾರು ತಪ್ಪಿದರೆ, ಯಾರದ್ದಾದರೂ ಡ್ಯೂಟಿ ಸಮಯ ಮೀರಿದರೆ, ಫೋನ್ ಬರುತ್ತದೆ, ಹೋಗಬೇಕು.

ಕಮ್ಯೂಟ್ ಮಾಡುವವರನ್ನು ಹಿಂಡಿ ಹಾಕುವುದು ಈ ರಿಸರ್ವ್. ಅದರಲ್ಲಿ ಎರಡು ಬಗೆ. ಲಾಂಗ್ ಕಾಲ್ ಆದರೆ ಹತ್ತು ಹನ್ನೆರಡು ಗಂಟೆ ಮೊದಲೇ ಹೇಳುತ್ತಾರೆ. ಮನೆಯಿಂದಲೇ ಹೊರಡಲು ಅವಕಾಶ ಉಂಟು. ಶಾರ್ಟ್ ಕಾಲ್ ಆದರೆ ಫೋನ್ ಬಂದ ಎರಡು ಮೂರು ಗಂಟೆಯಲ್ಲಿ, ಕೆಲವು ಕಡೆ ಅದಕ್ಕೂ ಬೇಗ, ಏರ್‌ಪೋರ್ಟ್‌ನಲ್ಲಿ ಹಾಜರಿರಬೇಕು. ಹೊಸಬರಿಗೆ ಬರುವುದು ಸಾಮಾನ್ಯವಾಗಿ ಶಾರ್ಟ್ ಕಾಲೇ. ಅಂದರೆ ರಿಸರ್ವ್ ಇರುವ ಅಷ್ಟೂ ದಿನ ಬೇಸ್‌ನಲ್ಲೇ ಕೂತಿರಬೇಕು. ಫೋನ್ ಬರಬಹುದು, ಬರದೇನೂ ಇರಬಹುದು. ಬರದಿದ್ದರೆ ಇನ್ನೂ ಬೇಜಾರು. ಬೇಸ್‌ನಲ್ಲಿ ಮನೆ ಇರುವ ಸಹೋದ್ಯೋಗಿ ಅದೇ ರಿಸರ್ವ್ ದಿನ ಮಗುವಿನ ಹೋಮ್‌ವರ್ಕ್ ನೋಡಿಕೊಂಡು ತನ್ನ ಸೋಫಾದ ಮೇಲಿರುತ್ತಾನೆ. ನಾನು ಬಾಡಿಗೆ ಮಂಚದ ಮೇಲೆ ಮೊಬೈಲ್ ನೋಡುತ್ತಾ ಬಿದ್ದಿರುತ್ತಿದ್ದೆ. ಇಬ್ಬರಿಗೂ ಸಂಬಳ ಒಂದೇ, ನೋಡಿ.

ಇನ್ನು ಓಡಾಟದ ವಿಷಯ. ವಿಮಾನದಲ್ಲಿ ಸೀಟು ಖಾಲಿ ಇದ್ದರೆ ಸಿಬ್ಬಂದಿಗೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದೆ ಜಂಪ್ ಸೀಟ್ ಅಂತ ಒಂದು ಮಡಚುವ ಸೀಟು ಇರುತ್ತದೆ, ಕೆಲವು ವಿಮಾನಗಳಲ್ಲಿ ಎರಡು. ಅಮೆರಿಕದಲ್ಲಿ ಒಂದು ಕಂಪನಿಯ ಪೈಲಟ್ ಇನ್ನೊಂದು ಕಂಪನಿಯ ಜಂಪ್ ಸೀಟಿನಲ್ಲೂ ಹೋಗಬಹುದು. ಗುರುತು, ಕೆಲಸ ಎರಡನ್ನೂ ಗೇಟ್‌ನಲ್ಲೇ ಪರೀಕ್ಷಿಸಲು ಅಲ್ಲಿ ಒಂದು ವ್ಯವಸ್ಥೆ ಇದೆ. ಬೇರೆ ಎಷ್ಟೋ ಕಡೆ ಸ್ವಂತ ಕಂಪನಿಯ ವಿಮಾನದಲ್ಲಿ ಮಾತ್ರ, ಇಲ್ಲವೇ ಅದೂ ಇಲ್ಲ. ಇಷ್ಟಾಗಿ ಜಂಪ್ ಸೀಟ್ ನಮ್ಮ ಹಕ್ಕಲ್ಲ. ಕಾಕ್‌ಪಿಟ್‌ಗೆ ಹೋಗಿ ಕ್ಯಾಪ್ಟನ್‌ ಹತ್ತಿರ ಬಾಯಿಬಿಟ್ಟು ಕೇಳಬೇಕು. ಅವರು ಬೇಡ ಅಂದರೆ ಮುಗಿಯಿತು. 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಸಂಬಂಧವಿಲ್ಲದ ಮಾತು ಆಡುವಂತಿಲ್ಲ, ಆ ನಿಯಮ ಜಂಪ್ ಸೀಟಿನಲ್ಲಿ ಕೂತವರಿಗೂ ಸೇರಿದ್ದು. ನೆಟ್ಟಗೆ ಕೂರಿಸುವ ಆ ಸೀಟಿನಲ್ಲಿ ಕಣ್ಣು ಮುಚ್ಚಿದರೂ ಅದನ್ನು ನಾನು ನಿದ್ದೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹೊಸ ಕಮ್ಯೂಟರ್‌ಗಳು ಖಾಲಿ ಸೀಟುಗಳನ್ನು ಮಾತ್ರ ಎಣಿಸುತ್ತಾರೆ. ಹತ್ತು ಸೀಟು ಖಾಲಿ ಇದೆ, ಆರಾಮಾಗಿ ಹೋಗಬಹುದು ಅಂತ. ವಿಮಾನಕ್ಕೆ ಸೀಟಿನ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ. ಇಳಿಯುವ ಊರಲ್ಲಿ ಹವಾಮಾನ ಕೆಟ್ಟಿದ್ದರೆ ಇನ್ನೊಂದು ಏರ್‌ಪೋರ್ಟ್‌ಗೆ ತಿರುಗಿಸಿ ಹೋಗುವಷ್ಟು ಹೆಚ್ಚು ಇಂಧನ ಹಾಕಬೇಕು. ಬಿಸಿಲು ಜೋರಾಗಿದ್ದು ರನ್‌ವೇ ಚಿಕ್ಕದಾಗಿದ್ದರೆ ಏರಬಹುದಾದ ತೂಕವೇ ಕಡಿಮೆ. ಇಂಥ ದಿನ ಸೀಟು ಖಾಲಿ ಇದ್ದರೂ ಮೊದಲು ಕೆಳಗುಳಿಯುವವರು ಸ್ಟ್ಯಾಂಡ್‌ಬೈ ಸಿಬ್ಬಂದಿ. ಹಾಗಾಗಿ ನಾನು ಲೋಡ್, ಅಂದರೆ ವಿಮಾನ ಎಷ್ಟು ತುಂಬಿದೆ ಅಂತ, ನೋಡುವಾಗ ಎರಡೂ ಊರಿನ ಹವಾಮಾನ ವರದಿಯನ್ನೂ ಜೊತೆಗೇ ತೆಗೆಯುತ್ತಿದ್ದೆ. ಹಬ್ಬ, ಶಾಲೆ ರಜೆ ಶುರುವಾಗುವ ದಿನ, ಹಿಂದಿನ ವಿಮಾನ ರದ್ದಾದ ದಿನ, ಇವು ಮೂರೂ ಲೋಡ್ ಪಟ್ಟಿಯನ್ನು ಸುಳ್ಳು ಮಾಡುತ್ತವೆ. ಬೆಳಿಗ್ಗೆಯ ವಿಮಾನ ರದ್ದಾದರೆ ಅದರ ಜನ ಎಲ್ಲಾ ಮಧ್ಯಾಹ್ನದ ವಿಮಾನಕ್ಕೆ ಬಂದು ಬೀಳುತ್ತಾರೆ, ಅಲ್ವಾ?

ನನ್ನದೊಂದು ಕಟ್ಟುನಿಟ್ಟು ಇತ್ತು. ನಾನು ಹತ್ತಬೇಕು ಅಂದುಕೊಂಡ ವಿಮಾನದ ಹಿಂದೆ ಇನ್ನೂ ಎರಡು ವಿಮಾನ ಇರಬೇಕು. ಆ ಎರಡನೆಯದು ಹತ್ತಿದರೂ ರಿಪೋರ್ಟಿಂಗ್‌ಗೆ ಮೊದಲು ಮಲಗಲು ಸಮಯ ಸಿಗಬೇಕು. ಕೆಲವು ಕಂಪನಿಗಳ ಒಪ್ಪಂದದಲ್ಲಿ ಕಮ್ಯೂಟರ್ ಕ್ಲಾಜ್ ಅಂತಲೇ ಒಂದು ಕಲಮು ಇರುತ್ತದೆ. ಸೀಟು ಇರುವ ಇಷ್ಟು ವಿಮಾನಗಳಿಗೆ ಪ್ರಯತ್ನಪಟ್ಟೂ ತಲುಪಲು ಆಗದಿದ್ದರೆ ಶಿಸ್ತುಕ್ರಮ ಇಲ್ಲ, ಆದರೆ ಆ ಟ್ರಿಪ್‌ನ ದುಡ್ಡೂ ಇಲ್ಲ. ನಿಮ್ಮ ಒಪ್ಪಂದದಲ್ಲಿ ಅದು ಇದೆಯೋ ಇಲ್ಲವೋ, ಇದ್ದರೆ ಯಾವ ಷರತ್ತಿಗೆ ಅನ್ನುವುದನ್ನು ಮನೆ ಎಲ್ಲಿ ಅಂತ ಯೋಚಿಸುವ ಮೊದಲೇ ಓದಿಕೊಳ್ಳಿ. ನಾನು ಅದನ್ನು ಬಳಸುವ ಪ್ರಸಂಗ ಬರಬಾರದು ಅಂತ ಕೊನೆಯ ವಿಮಾನಕ್ಕೆ ದುಡ್ಡು ಕೊಟ್ಟು ಟಿಕೆಟ್ ತೆಗೆದಿಟ್ಟದ್ದೂ ಉಂಟು. ಆ ಖರ್ಚನ್ನು ನಾವು ಮನೆಯ ಬಜೆಟ್‌ನಲ್ಲಿ ಬಾಡಿಗೆಯ ಪಕ್ಕದಲ್ಲೇ ಬರೆಯುತ್ತಿದ್ದೆವು.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ನ್ಯೂವರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್‌ನ 3407 ಸಂಖ್ಯೆಯ ವಿಮಾನ ಇಳಿಯುವ ಹೊತ್ತಿಗೆ ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ತೀರಿಕೊಂಡರು. ವೇಗ ತಗ್ಗಿ, ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಬೇಕಾದ್ದಕ್ಕೆ ಉಲ್ಟಾ ಮಾಡಿದ್ದೇ ಕಾರಣ ಅಂತ ತನಿಖೆ ಹೇಳಿತು. ನಮ್ಮಂಥವರ ಎದೆ ಧಸಕ್ ಅಂದದ್ದು ತನಿಖೆಯ ಇನ್ನೊಂದು ಭಾಗ ಓದಿದಾಗ. ಇಬ್ಬರೂ ಪೈಲಟ್‌ಗಳು ಕಮ್ಯೂಟರ್‌ಗಳು. ಕ್ಯಾಪ್ಟನ್‌ ಮನೆ ಫ್ಲೋರಿಡಾದಲ್ಲಿ. ಫಸ್ಟ್ ಆಫೀಸರ್ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ, ಮೆಂಫಿಸ್‌ನಲ್ಲಿ ವಿಮಾನ ಬದಲಿಸಿ ಬೆಳಿಗ್ಗೆ ಬೇಸ್ ತಲುಪಿದ್ದರು. ಇಬ್ಬರೂ ವಿಶ್ರಾಂತಿ ಪಡೆದದ್ದು ಏರ್‌ಪೋರ್ಟ್‌ನ ಕ್ರ್ಯೂ ರೂಮಿನಲ್ಲಿ. ಸುಸ್ತು ಅವರ ಕೆಲಸವನ್ನು ಕುಂದಿಸಿರುವ ಸಾಧ್ಯತೆ ಹೆಚ್ಚು, ಆದರೆ ಅಪಘಾತದಲ್ಲಿ ಅದರ ಪಾಲು ಎಷ್ಟು ಅಂತ ಖಚಿತವಾಗಿ ಹೇಳಲು ಆಗದು ಅಂದಿತು ತನಿಖಾ ಮಂಡಳಿ.

ಆಮೇಲೆ ಅಲ್ಲಿನ ಸಂಸತ್ತು ಪೈಲಟ್‌ಗಳ ಕಮ್ಯೂಟ್ ಬಗ್ಗೆಯೇ ಅಧ್ಯಯನ ಮಾಡಿಸಿತು. ವರದಿ ಬಂದದ್ದು 2011ರಲ್ಲಿ. ಇಷ್ಟು ಕಿಲೋಮೀಟರ್ ಒಳಗೇ ಇರಬೇಕು ಅಂತ ನಿಯಮ ಮಾಡಲು ಆಧಾರ ಸಾಲದು ಅಂತ ಅದರ ತೀರ್ಮಾನ. ದೂರ ನೋಡಿದರೆ ಸುಸ್ತು ಗೊತ್ತಾಗುವುದಿಲ್ಲ. ವಿಮಾನದಲ್ಲಿ ಮೂರು ಗಂಟೆ ಬಂದು ಹೋಟೆಲ್‌ನಲ್ಲಿ ಎಂಟು ಗಂಟೆ ಮಲಗಿದವರು, ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಾರು ಓಡಿಸಿ ನೇರ ಡ್ಯೂಟಿಗೆ ಬಂದವರಿಗಿಂತ ಚೆನ್ನಾಗಿರಬಹುದು. ಅದೇ ವರದಿಯಲ್ಲಿ ಪೈಲಟ್‌ಗಳಿಗೆ ಕೊಟ್ಟ ಎರಡು ಸಲಹೆಗಳನ್ನು ನಾನು ನನ್ನ ಲೆಕ್ಕದ ಬುಡಕ್ಕೆ ಇಟ್ಟುಕೊಂಡೆ. ಡ್ಯೂಟಿಗೆ ಮೊದಲು ಕನಿಷ್ಠ 6 ಗಂಟೆ ನಿದ್ದೆ ಆಗಿರಲಿ. ಡ್ಯೂಟಿ ಮುಗಿಯುವ ಹೊತ್ತಿಗೆ ಎಚ್ಚರವಾಗಿದ್ದು ಸುಮಾರು 16 ಗಂಟೆ ದಾಟದಿರಲಿ. ಸತತ 17 ಗಂಟೆ ಎಚ್ಚರ ಇದ್ದವರ ಕೈ, ತಲೆ ಎರಡೂ ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿಯುತ್ತವೆ ಅಂತ 1997ರಲ್ಲೇ ಒಂದು ಪ್ರಯೋಗ ತೋರಿಸಿತ್ತು. ಕುಡಿದು ಕಾಕ್‌ಪಿಟ್‌ಗೆ ಬರುವುದನ್ನು ಯಾರೂ ಊಹಿಸಲೂ ಆರರು. ನಿದ್ದೆಗೆಟ್ಟು ಬರುವುದನ್ನು ಮಾತ್ರ ಗಟ್ಟಿತನ ಅಂತ ಹೊಗಳುವವರು ಈಗಲೂ ಇದ್ದಾರೆ.

ಲೆಕ್ಕ ಹಾಕುವುದು ಕೊನೆಯಿಂದ ಹಿಂದಕ್ಕೆ. ಮಧ್ಯಾಹ್ನ 1.30ಕ್ಕೆ ರಿಪೋರ್ಟಿಂಗ್, ರಾತ್ರಿ 10.30ಕ್ಕೆ ಡ್ಯೂಟಿ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. 10.30ರಿಂದ 16 ಗಂಟೆ ಹಿಂದೆ ಹೋದರೆ ಬೆಳಿಗ್ಗೆ 6.30. ಅದಕ್ಕಿಂತ ಮೊದಲು ನಾನು ಏಳಬಾರದು. ಮನೆಯಿಂದ ಬೇಸ್‌ಗೆ ಬೆಳಿಗ್ಗೆ 7ಕ್ಕೆ ಒಂದು ಚೆಂದದ ವಿಮಾನ ಇದೆ. ಅದನ್ನು ಹಿಡಿಯಬೇಕಾದರೆ 4.30ಕ್ಕೆ ಏಳಬೇಕು. ಅಂದರೆ ಕೊನೆಯ ಲ್ಯಾಂಡಿಂಗ್ ಹೊತ್ತಿಗೆ ನಾನು ಎಚ್ಚರವಾಗಿ ಹತ್ತಿರ ಹತ್ತಿರ 18 ಗಂಟೆ. ಅದೂ ಏನೂ ತಡವಾಗದೇ ಇದ್ದರೆ. ಕಾಗದದ ಮೇಲೆ ಇದು ತುಂಬಾ ಅನುಕೂಲದ ಕಮ್ಯೂಟ್, ಮಧ್ಯಾಹ್ನದ ಡ್ಯೂಟಿಗೆ ಬೆಳಿಗ್ಗೆ ಹೊರಟರೆ ಸಾಕು. ನನ್ನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಹಿಂದಿನ ದಿನವೇ ಹೊರಡಬೇಕು.

ಬೆಳಗಿನ ಜಾವದ ಡ್ಯೂಟಿ ಇನ್ನೂ ಕಷ್ಟ. 5.30ಕ್ಕೆ ರಿಪೋರ್ಟಿಂಗ್ ಅಂದರೆ ಪೌನೇ ನಾಲ್ಕಕ್ಕಾದರೂ ಏಳಬೇಕು. ಆರು ಗಂಟೆ ನಿದ್ದೆ ಬೇಕಾದರೆ ರಾತ್ರಿ ಪೌನೇ ಹತ್ತಕ್ಕೆ ಕಣ್ಣು ಮುಚ್ಚಿರಬೇಕು, ಬೇಸ್‌ನಲ್ಲಿ. ಅದರ ಹಿಂದೆ ಎರಡು ವಿಮಾನಗಳ ಅಂತರ ಇಟ್ಟರೆ ಮನೆ ಬಿಡುವುದು ಮಧ್ಯಾಹ್ನ ಊಟದ ಹೊತ್ತಿಗೆ. ಆ ದಿನ ರೋಸ್ಟರ್‌ನಲ್ಲಿ ರಜೆ ಅಂತಲೇ ಇರುತ್ತದೆ. ನಿಯಮಗಳ ಪ್ರಕಾರ ಕಮ್ಯೂಟ್ ಡ್ಯೂಟಿಯಲ್ಲ, ಅದು ನಿಮ್ಮ ಸ್ವಂತ ಸಮಯ. ಕಂಪನಿ ನಿಮ್ಮನ್ನು ಕೆಲಸದ ಮೇಲೆ ಪ್ರಯಾಣಿಕರಾಗಿ ಕಳಿಸಿದರೆ, ಅದಕ್ಕೆ ಡೆಡ್‌ಹೆಡ್ ಅಂತೀವಿ, ಅದು ಡ್ಯೂಟಿ. ಅದೇ ವಿಮಾನ, ಅದೇ ಸೀಟು, ಮನೆಯಿಂದ ಬಂದರೆ ಮಾತ್ರ ಅದು ಡ್ಯೂಟಿ ಅಲ್ಲ.

ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಮೊದಮೊದಲು ನನ್ನ ರಜೆಗಳೆಲ್ಲ ಒಂದೇ ಬಣ್ಣದಲ್ಲಿರುತ್ತಿದ್ದವು. ಒಂದು ಸಲ ನನ್ನ ಗಂಡ, 'ಇದರಲ್ಲಿ ನೀನು ನಿಜವಾಗ್ಲೂ ಮನೇಲಿರೋ ದಿನ ಯಾವುದು ಅಂತ ಬೇರೆ ಬಣ್ಣ ಹಾಕು' ಅಂದರು. ಹೊರಡುವ ದಿನ, ತಡರಾತ್ರಿ ಬಂದು ಇಡೀ ದಿನ ಮಲಗುವ ದಿನ, ಎರಡನ್ನೂ ತೆಗೆದು ಬಣ್ಣ ಹಾಕಿದೆ. ಕ್ಯಾಲೆಂಡರ್ ಬಿಳಿಚಿಕೊಂಡಿತು. ನಾನು ಕಮ್ಯೂಟ್ ಬಗ್ಗೆ ಯೋಚಿಸುವವರಿಗೆ ಇದೊಂದು ಕೆಲಸ ಮಾಡಿ ನೋಡಿ ಅಂತ ಹೇಳುತ್ತೇನೆ. ಮೂರು ತಿಂಗಳ ಹಳೆಯ ರೋಸ್ಟರ್ ತೆಗೆದುಕೊಂಡು, ಪ್ರತಿ ಟ್ರಿಪ್‌ಗೂ ಮನೆಯಿಂದ ಯಾವ ವಿಮಾನಕ್ಕೆ ಹೊರಡುತ್ತಿದ್ದಿರಿ, ಯಾವ ವಿಮಾನಕ್ಕೆ ವಾಪಸ್ಸಾಗುತ್ತಿದ್ದಿರಿ ಅಂತ ವೇಳಾಪಟ್ಟಿ ನೋಡಿ ಬರೆಯಿರಿ. ಬಾಡಿಗೆ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕ ಆಮೇಲೆ ಹಾಕಿ.

ಬೇಸ್‌ನಲ್ಲಿ ಮಲಗಲು ನನಗಿದ್ದದ್ದು ಕ್ರ್ಯಾಶ್ ಪ್ಯಾಡ್. ಏರ್‌ಪೋರ್ಟ್ ಹತ್ತಿರ ಒಂದು ಮನೆ ಬಾಡಿಗೆ ಹಿಡಿದು ಕೋಣೆಗಳಲ್ಲಿ ಒಂದರ ಮೇಲೊಂದು ಮಂಚ ಹಾಕಿರುತ್ತಾರೆ, ಪೈಲಟ್‌ಗಳು, ಕ್ಯಾಬಿನ್ ಸಿಬ್ಬಂದಿ ಹಂಚಿಕೊಂಡು ಇರುತ್ತಾರೆ. ಹಾಟ್ ಬಂಕ್ ಅಂದರೆ ಖಾಲಿ ಇದ್ದ ಮಂಚದಲ್ಲಿ ಮಲಗುವುದು, ನಿಮ್ಮ ಹಾಸಿಗೆ ಹೊದಿಕೆ ನೀವೇ ತರಬೇಕು. ಕೋಲ್ಡ್ ಬಂಕ್ ಅಂದರೆ ಆ ಮಂಚ ನಿಮ್ಮೊಬ್ಬರದೇ, ನೀವು ಇಲ್ಲದಾಗಲೂ ಯಾರೂ ಮುಟ್ಟುವುದಿಲ್ಲ. ಬೆಲೆ ಜಾಸ್ತಿ. ನಾನು ರಿಸರ್ವ್‌ನಲ್ಲಿದ್ದಷ್ಟು ದಿನ ಕೋಲ್ಡ್ ಬಂಕೇ ಇಟ್ಟುಕೊಂಡಿದ್ದೆ. ತಿಂಗಳ ಅರ್ಧ ಅಲ್ಲೇ ಮಲಗುವವರು ಅಲ್ಲಿ ಚೌಕಾಸಿ ಮಾಡಬಾರದು. ನೋಡಬೇಕಾದ್ದು ಮನೆ ಎಷ್ಟು ಹೊಸದು ಅಂತಲ್ಲ. ಕಿಟಕಿಗೆ ಬೆಳಕು ಪೂರ್ತಿ ತಡೆಯುವ ಪರದೆ ಇದೆಯೇ, ಬೆಳಿಗ್ಗೆ ಡ್ಯೂಟಿಯವರಿಗೂ ರಾತ್ರಿ ಡ್ಯೂಟಿಯವರಿಗೂ ಬೇರೆ ಬೇರೆ ಕೋಣೆ ಇದೆಯೇ, ನಸುಕಿನಲ್ಲಿ ಏರ್‌ಪೋರ್ಟ್‌ಗೆ ಹೋಗಲು ಗಾಡಿ ಸಿಗುತ್ತದೆಯೇ. ಮಲಗುವ ಕೋಣೆಯಲ್ಲಿ ಅಲಾರಂ ಎರಡನೇ ಸಲ ಹೊಡೆಯುವ ಹಾಗಿಲ್ಲ ಅನ್ನುವ ನಿಯಮ ಇರುವ ಮನೆ ಸಿಕ್ಕರೆ ಬಿಡಬೇಡಿ!

ಕ್ರಮೇಣ ನನ್ನ ನಂಬರ್ ಮೇಲೇರಿತು. ರಿಸರ್ವ್ ತಪ್ಪಿ ನಿಗದಿಯಾದ ಟ್ರಿಪ್‌ಗಳು ಸಿಗತೊಡಗಿದವು. ಕಮ್ಯೂಟ್ ಸಹಿಸಬಹುದಾದ ಕೆಲಸ ಆಗಿದ್ದು ಆಗಲೇ. ಮಧ್ಯಾಹ್ನ ಶುರುವಾಗಿ, ಮೂರು ನಾಲ್ಕು ದಿನ ಹೊರಗೇ ಇದ್ದು, ಕೊನೆಯ ದಿನ ಮಧ್ಯಾಹ್ನದೊಳಗೆ ಮುಗಿಯುವ ಟ್ರಿಪ್‌ಗಳಿಗೆ ಬಿಡ್ ಹಾಕುತ್ತಿದ್ದೆ. ಅಂಥವಕ್ಕೆ ಮನೆ ದೂರ ಇರುವವರೆಲ್ಲ ಮುಗಿಬೀಳುತ್ತಾರೆ. ಬೇಸ್‌ನಲ್ಲೇ ಇರುವವರಿಗೆ ಬೇಕಾದ್ದು ಬೇರೆ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರುವ ಒಂದು ದಿನದ ಟ್ರಿಪ್‌ಗಳು ಅವರಿಗೆ ಬಂಗಾರ. ನನಗೆ ಅವು ವಿಷ, ಒಂದು ದಿನದ ಕೆಲಸಕ್ಕೆ ಎರಡು ರಾತ್ರಿ ಕ್ರ್ಯಾಶ್ ಪ್ಯಾಡ್. ದೂರದಲ್ಲಿ ಇರಬೇಕೋ ಹತ್ತಿರ ಇರಬೇಕೋ ಅಂತ ಕೇಳುವಾಗ ನಿಮ್ಮ ವಿಮಾನ ಎಂಥ ಟ್ರಿಪ್ ಹಾರುತ್ತದೆ ಅಂತಲೂ ನೋಡಿ. ಸಣ್ಣ ದೂರದ, ದಿನಕ್ಕೆ ನಾಲ್ಕೈದು ಸೆಕ್ಟರ್ (ಒಂದು ಸಲ ಏರಿ ಇಳಿದರೆ ಒಂದು ಸೆಕ್ಟರ್) ಹಾರುವ ಫ್ಲೀಟ್ ಆದರೆ ಬೇಸ್ ಹತ್ತಿರ ಇರುವುದರ ಲಾಭ ತುಂಬಾ ಜಾಸ್ತಿ.

ಲಾಂಗ್ ಹಾಲ್, ಅಂದರೆ ತುಂಬಾ ದೂರದ ಮಾರ್ಗಗಳಲ್ಲಿ, ಹಾರುವ ನನ್ನ ಗೆಳತಿಯೊಬ್ಬಳು ಈಗಲೂ ಕಮ್ಯೂಟ್ ಮಾಡುತ್ತಾಳೆ, ನೆಮ್ಮದಿಯಾಗಿಯೇ ಇದ್ದಾಳೆ. ಅವಳಿಗೆ ತಿಂಗಳಿಗೆ ಬೆರಳೆಣಿಕೆಯ ಟ್ರಿಪ್‌ಗಳು. ಬೇಸ್‌ಗೆ ಹೋಗಿಬರುವುದೂ ಅಷ್ಟೇ ಸಲ. ಅವಳ ಕಷ್ಟ ಇರುವುದು ವಾಪಸ್ ಬರುವಾಗ. ಎಂಟು ಹತ್ತು ಟೈಮ್ ಜೋನ್ ದಾಟಿ ಬಂದು, ಅದರ ಮೇಲೆ ಮನೆಗೆ ಇನ್ನೊಂದು ವಿಮಾನ ಕಾಯಬೇಕು. ಅವಳು ಆ ರಾತ್ರಿ ಬೇಸ್‌ನಲ್ಲೇ ಮಲಗಿ ಮರುದಿನ ಹೊರಡುತ್ತಾಳೆ. ಮನೆಯವರಿಗೆ ಮರುದಿನದ ತಾರೀಖನ್ನೇ ಹೇಳಿರುತ್ತಾಳೆ. ಬೇಗ ಬಂದರೆ ಅದು ಲಾಭ. ಇದು ಜಾಣತನ.

ನನ್ನ ಲೆಕ್ಕ ತಲೆಕೆಳಗಾಗಿದ್ದು ಕ್ಯಾಪ್ಟನ್ ಅಪ್‌ಗ್ರೇಡ್ ಬಂದಾಗ. ಫಸ್ಟ್ ಆಫೀಸರ್‌ಗಳ ಸಾಲಿನಲ್ಲಿ ಮೇಲಿದ್ದವಳು ಕ್ಯಾಪ್ಟನ್‌ಗಳ ಸಾಲಿನಲ್ಲಿ ಎಲ್ಲರಿಗಿಂತ ಕೆಳಗೆ. ಮತ್ತೆ ರಿಸರ್ವ್, ಮತ್ತೆ ಶಾರ್ಟ್ ಕಾಲ್. ಇದನ್ನು ತಪ್ಪಿಸಿಕೊಳ್ಳಲೆಂದೇ ಎಷ್ಟೋ ಜನ ಅಪ್‌ಗ್ರೇಡ್ ಬೇಡ ಅಂತ ವರ್ಷಗಟ್ಟಲೆ ಫಸ್ಟ್ ಆಫೀಸರ್ ಕೂರುವ ಬಲಗಡೆ ಸೀಟಿನಲ್ಲೇ ಉಳಿಯುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಸಂಬಳ ಕಡಿಮೆ, ಆದರೆ ಬೇಕಾದ ದಿನ ಮನೆಯಲ್ಲಿರಬಹುದು. ನನಗೆ ಎಡಗಡೆ ಸೀಟು ಬೇಕಿತ್ತು. ಆದರೆ ಮಗಳು ಹೈಸ್ಕೂಲಿಗೆ ಬರುವ ವಯಸ್ಸಿನಲ್ಲಿ ಮತ್ತೆ ತಿಂಗಳ ಅರ್ಧ ಮಂಚದ ಮೇಲೆ ಫೋನ್ ಕಾಯುತ್ತಾ ಕೂರಲು ನಾನು ತಯಾರಿರಲಿಲ್ಲ. ಈ ಹೊತ್ತಿಗೆ ನನ್ನ ಗಂಡನ ಕೆಲಸ ಮನೆಯಿಂದಲೂ ಮಾಡುವಂಥದ್ದಾಗಿತ್ತು. ಅಮ್ಮನನ್ನು ಕೇಳಿದೆ. 'ನೀವು ಹೋಗಿ, ನಾನು ಬಂದು ಹೋಗಿ ಮಾಡ್ತೀನಿ' ಅಂದರು. ಕಮ್ಯೂಟ್ ಮಾಡುವ ಸರದಿ ಅಮ್ಮನಿಗೆ ಹೋಯಿತು.

ಮನೆ ಕೊಳ್ಳಲಿಲ್ಲ, ಬಾಡಿಗೆಗೆ ಹಿಡಿದೆವು. ಕೊಳ್ಳುವ ಮೊದಲು ಬೇಸ್ ಉಳಿಯುತ್ತದೆಯೇ ಅಂತ ನೋಡಬೇಕಿತ್ತು. ಬೇಸ್ ಮುಚ್ಚುವುದನ್ನು ಕಂಪನಿಗಳು ಸಾಮಾನ್ಯವಾಗಿ ವರ್ಷ ಮೊದಲೇ ಹೇಳುವುದಿಲ್ಲ. ಆದರೆ ಲಕ್ಷಣ ಕಾಣುತ್ತದೆ. ಬೇಸ್‌ನಲ್ಲಿ ರಾತ್ರಿ ನಿಲ್ಲುವ ವಿಮಾನಗಳು ಕಡಿಮೆಯಾಗುತ್ತಿವೆಯೇ, ರಿಪೇರಿ ಹ್ಯಾಂಗರ್ ಇದೆಯೇ, ಹೊಸ ಮಾದರಿಯ ವಿಮಾನ ಮೊದಲು ಯಾವ ಊರಿಗೆ ಬರುತ್ತಿದೆ, ಇಲ್ಲಿಂದ ಹೊಸ ಮಾರ್ಗಗಳು ಶುರುವಾಗುತ್ತಿವೆಯೇ. ದೊಡ್ಡ ಹಬ್ ಆಗಿರುವ ಬೇಸ್, ಬೇರೆ ಕಂಪನಿಗಳಿಗೂ ಬೇಸ್ ಆಗಿರುವ ಊರು, ಇವು ಸಣ್ಣ ಬೇಸ್‌ಗಿಂತ ಗಟ್ಟಿ. ನಾಳೆ ಈ ಕಂಪನಿಯೇ ಬೇಡವಾದರೂ ಅದೇ ಊರಲ್ಲಿ ಇನ್ನೊಂದು ಕೆಲಸ ಸಿಗಬಹುದು. ಸೀನಿಯಾರಿಟಿ ಮಾತ್ರ ಮತ್ತೆ ಬುಡದಿಂದಲೇ.

ಬೇಸ್ ಹತ್ತಿರ ಅಂದರೆ ಎಷ್ಟು ಹತ್ತಿರ? ಮನೆಯಿಂದ ಬೇಸ್‌ಗೆ ಸಾಮಾನ್ಯವಾಗಿ 90 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಹತ್ತಿರದಲ್ಲಿ ತಾತ್ಕಾಲಿಕ ವಸತಿಯ ಬಗ್ಗೆ ಯೋಚಿಸಬೇಕು ಅಂತ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಕಾರಿನಲ್ಲಿ ಬರುವ ಹೊತ್ತಿಗೂ ಅದು ಸೇರುತ್ತದೆ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಒಂದೇ ಊರಲ್ಲಿದ್ದೇನೆ, ನಾನು ಕಮ್ಯೂಟರ್ ಅಲ್ಲ ಅಂದುಕೊಳ್ಳುತ್ತಾರೆ. ದೊಡ್ಡ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಂಜೆ ಹೊತ್ತಲ್ಲಿ ಹೋಗಿ ನೋಡಿ, ಆಗ ಗೊತ್ತಾಗುತ್ತದೆ. ನಾವು ಮನೆ ಹುಡುಕುವಾಗ ಅದೇ ರಸ್ತೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೂ ಸಂಜೆ ಆರಕ್ಕೂ ಕಾರು ಓಡಿಸಿ ನೋಡಿದೆವು. ಎರಡಕ್ಕೂ ಅಜಗಜಾಂತರ. ಸಂಜೆಯ ಸಮಯವನ್ನೇ ಲೆಕ್ಕಕ್ಕೆ ಹಿಡಿದೆವು, ಶಾರ್ಟ್ ಕಾಲ್ ಸಂಜೆಯೂ ಬರುತ್ತದಲ್ಲ. ವಿಮಾನ ಏರುವ ಇಳಿಯುವ ದಾರಿಯ ಕೆಳಗಿದ್ದ ಮನೆಗಳನ್ನು ಬಿಟ್ಟೆವು. ಬಾಡಿಗೆ ಕಡಿಮೆ ನಿಜ, ಆದರೆ ಹಗಲಲ್ಲಿ ಮಲಗುವವರಿಗೆ ಅವು ಆಗಿಬರುವುದಿಲ್ಲ. ಮಗಳ ಶಾಲೆ ಏರ್‌ಪೋರ್ಟ್‌ಗಿಂತ ಮನೆಗೆ ಹತ್ತಿರ ಇರಲಿ ಅಂತ ಆರಿಸಿದೆವು, ನನ್ನ ಡ್ಯೂಟಿ ದಿನ ಕರೆತರುವವರು ಇನ್ನೊಬ್ಬರಲ್ವಾ.

ಬದಲಾದದ್ದು ಏನು? ರಿಸರ್ವ್ ಅನ್ನುವ ಪದವೇ ಬದಲಾಯಿತು. ಮನೆಯಲ್ಲಿದ್ದುಕೊಂಡೇ ಫೋನ್ ಕಾಯುವುದು ಅಂದರೆ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು, ಬ್ಯಾಗ್ ಬಾಗಿಲ ಬಳಿ ಇಟ್ಟು, ಉಳಿದಂತೆ ಮಾಮೂಲಿ ದಿನ. ಫೋನ್ ಬರದಿದ್ದರೆ ಅದು ಸಂಬಳದ ಜೊತೆ ಬಂದ ರಜೆ. ಟ್ರಿಪ್ ತಡವಾಗಿ ಮುಗಿದರೂ ಕೊನೆಯ ವಿಮಾನ ತಪ್ಪುತ್ತದೆ ಅನ್ನುವ ಒದ್ದಾಟ ಇಲ್ಲ. ಆ ಒದ್ದಾಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಗೆ ಹೋಗುವ ಕೊನೆಯ ವಿಮಾನ 9ಕ್ಕೆ, ನೀವು ಇಳಿಯುವುದು 8.20ಕ್ಕೆ ಅಂತಾದರೆ ಇಳಿದ ವಿಮಾನವನ್ನು ರನ್‌ವೇಯಿಂದ ಗೇಟ್‌ಗೆ ಓಡಿಸುವಾಗಲೂ, ಪಾರ್ಕಿಂಗ್ ಚೆಕ್‌ಲಿಸ್ಟ್ ಓದುವಾಗಲೂ ಮನಸ್ಸಿನ ಒಂದು ಮೂಲೆ ಗೇಟ್ ನಂಬರ್ ಹುಡುಕುತ್ತಿರುತ್ತದೆ. ಕಮ್ಯೂಟರ್‌ ಜೊತೆ ಹಾರುವಾಗ ಈಗ ನಾನು ಬ್ರೀಫಿಂಗ್‌ನಲ್ಲೇ ಕೇಳುತ್ತೇನೆ, 'ನಿಮಗೆ ಇವತ್ತು ವಿಮಾನ ಹಿಡಿಯೋದಿದೆಯಾ, ಎಷ್ಟು ಗಂಟೆಗೆ?' ಮುಚ್ಚಿಟ್ಟುಕೊಂಡ ಆತುರಕ್ಕಿಂತ ಹೇಳಿಕೊಂಡ ಆತುರ ವಾಸಿ. ಸುರಕ್ಷತೆಗೆ ತೊಂದರೆ ಇಲ್ಲದ ಕಡೆ ಸಹಾಯ ಮಾಡುತ್ತೇನೆ. ಪೇಪರ್ ಕೆಲಸ ನಾನು ಮುಗಿಸುತ್ತೇನೆ, ನೀವು ಹೊರಡಿ ಅನ್ನುತ್ತೇನೆ. ಚೆಕ್‌ಲಿಸ್ಟ್ ಮಾತ್ರ ಅದರ ವೇಗದಲ್ಲೇ.

ಹತ್ತಿರ ಇದ್ದವರಿಗೂ ಒಂದು ಪೀಡೆ ಇದೆ. ಹತ್ತಿರ ಇದ್ದಾರೆ ಅಂತ ಎಲ್ಲರಿಗೂ ಗೊತ್ತು. ಯಾರೋ ಬರಲಿಲ್ಲ, ಬೇಗ ಬರುತ್ತೀರಾ ಅಂತ ರಜೆ ದಿನವೂ ಶೆಡ್ಯೂಲಿಂಗ್‌ನಿಂದ ಫೋನ್. ಹೆಚ್ಚುವರಿ ಹಾರಾಟಕ್ಕೆ ಒಳ್ಳೆಯ ದುಡ್ಡು ಕೊಡುವ ಕಡೆ ಇದು ವರ, ಬೇಡ ಅನ್ನಲು ಬಾರದವರಿಗೆ ಶಾಪ. ನಾನು ರಜೆ ದಿನ ಆ ನಂಬರ್‌ಗೆ ರಿಂಗ್ ಬರದಂತೆ ಇಟ್ಟಿದ್ದೇನೆ. ಬೇಕೆನಿಸಿದರೆ ನಾನೇ ಕೇಳುತ್ತೇನೆ.

ದೇಶ ಅಥವಾ ರಾಜ್ಯದ ಗಡಿ ದಾಟಿ ಕಮ್ಯೂಟ್ ಮಾಡುವವರು ತೆರಿಗೆ, ಸಾಮಾಜಿಕ ಭದ್ರತೆ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ. ಯುರೋಪ್‌ನಲ್ಲಿ 2012ರಿಂದ ವಿಮಾನ ಸಿಬ್ಬಂದಿಯ ಸಾಮಾಜಿಕ ಭದ್ರತೆ ಹೋಮ್ ಬೇಸ್ ಇರುವ ದೇಶಕ್ಕೆ ಸೇರುತ್ತದೆ, ಮನೆ ಎಲ್ಲೇ ಇರಲಿ. ಆದಾಯ ತೆರಿಗೆಗೆ ಬೇರೆಯೇ ನಿಯಮ ಇರಬಹುದು. ಇದನ್ನು ಕ್ರ್ಯೂ ರೂಮಿನ ಪಂಡಿತರ ಹತ್ತಿರ ಕೇಳಬೇಡಿ, ಲೆಕ್ಕ ಪರಿಶೋಧಕರಿಗೆ ದುಡ್ಡು ಕೊಟ್ಟು ಕೇಳಿ.

ಬೇಸ್ ಹತ್ತಿರ ಬಂದರೂ ತಪ್ಪದೇ ಇರುವ ಒಂದು ವಿಷಯ ಇದೆ. ರಾತ್ರಿ ಡ್ಯೂಟಿ ಮುಗಿಸಿ ಕಾರು ಓಡಿಸಿಕೊಂಡು ಬರುವುದು. ರಾತ್ರಿ 2ರಿಂದ ಬೆಳಿಗ್ಗೆ 6ರ ನಡುವೆ ದೇಹ ತೀರಾ ಕುಗ್ಗಿರುತ್ತದೆ. ಆ ಹೊತ್ತಿನುದ್ದಕ್ಕೂ ಹಾರಿ ಬಂದು ಬೆಳಕು ಹರಿದ ಮೇಲೆ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಕಾರು ಓಡಿಸುವುದು ಸುಲಭ ಅನಿಸುತ್ತದೆ. ಕಾಕ್‌ಪಿಟ್‌ನಲ್ಲಿ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುತ್ತಾರೆ, ಕಾರಿನಲ್ಲಿ ಯಾರೂ ಇಲ್ಲ. ಬೇಸ್‌ನಲ್ಲಿರುವವರು ಮನೆ ಹತ್ತಿರ ಅನ್ನುವ ಧೈರ್ಯದ ಮೇಲೆ ಹೊರಟುಬಿಡುತ್ತಾರೆ. ನಾನು ಅಂಥ ರೋಸ್ಟರ್ ಬಂದ ತಿಂಗಳು ಕಾರು ಮನೆಯಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿ ಟ್ಯಾಕ್ಸಿಯಲ್ಲೇ ಬರುತ್ತೇನೆ. ಕಾರು ತಂದಿದ್ದರೆ ಕ್ರ್ಯೂ ರೂಮಿನಲ್ಲಿ ಇಪ್ಪತ್ತು ನಿಮಿಷ ಮಲಗಿ, ಎದ್ದು ಮುಖ ತೊಳೆದು, ಮಂಪರು ಪೂರ್ತಿ ಬಿಡುವವರೆಗೆ ಸ್ವಲ್ಪ ಓಡಾಡಿ ಆಮೇಲೆ ಸ್ಟೀರಿಂಗ್ ಹಿಡಿಯುತ್ತೇನೆ. ಮನೆಯಲ್ಲಿ ಕಾಯುವವರಿಗೆ ತಡವಾಗುತ್ತದೆ ಅಂತ ಒಂದು ಮೆಸೇಜ್ ಹಾಕಿದರೆ ಸಾಕು.